ಬದುಕನ್ನು ಆರಿಸಿಕೊಳ್ಳುವುದು ಎಂದರೇನು? ಯಹೂದಿ ಗ್ರಂಥಗಳಲ್ಲಿ ಆಯ್ಕೆಯ ಪ್ರಶ್ನೆ

ಇವತ್ತು ಒಂದು ಬಹಳ ಹಳೆಯ ಮಾತಿನ ಬೆನ್ನು ಹತ್ತಿ ಸ್ವಲ್ಪ ದೂರ ಹೋಗಿ ಬರೋಣ. ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಐದು ಪುಸ್ತಕಗಳಿವೆ. ಕನ್ನಡ ಬೈಬಲ್ ಓದಿದವರಿಗೆ ಅದರ ಐದನೆಯ ಪುಸ್ತಕ ಧರ್ಮೋಪದೇಶಕಾಂಡ ಅನ್ನುವ ಹೆಸರಿನಲ್ಲಿ ಗೊತ್ತಿರುತ್ತೆ. ಅದರ 30ನೇ ಅಧ್ಯಾಯದಲ್ಲಿ ಮೋಶೆ ತನ್ನ ಜನರ ಮುಂದೆ ಎರಡು ದಾರಿ ಇಡ್ತಾನೆ. ಒಂದು ಕಡೆ ಬದುಕು, ಇನ್ನೊಂದು ಕಡೆ ಸಾವು. ಇಟ್ಟು ಸುಮ್ಮನಾಗೋದಿಲ್ಲ. ಬದುಕನ್ನೇ ಆರಿಸಿಕೊಳ್ಳಬೇಕು, ಹಾಗೆ ಮಾಡಿದರೆ ನೀನೂ ನಿನ್ನ ಸಂತತಿಯೂ ಬಾಳುತ್ತೀರಿ ಅಂತ ಸೂಚಿಸ್ತಾನೆ.

ಮೊದಲ ಸಲ ಕೇಳಿದಾಗ, ಇದರಲ್ಲಿ ಆರಿಸೋದಕ್ಕೆ ಏನಿದೆ ಅನ್ನಿಸಬಹುದು. ಬದುಕು ಬೇಕಾ ಸಾವು ಬೇಕಾ ಅಂತ ಕೇಳಿದರೆ ಯಾರಾದರೂ ಸಾವು ಅಂತಾರಾ? ಆದರೆ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತೆ. ಡಾಕ್ಟರು ಹೊರಗೆ ಬಂದು, ವೆಂಟಿಲೇಟರ್ ಹಾಕೋಣವೇ, ಬೇಡವೇ ಅಂತ ಕೇಳ್ತಾರೆ. ಒಳಗೆ ಮಲಗಿರೋದು ನಿಮ್ಮ ಅಪ್ಪ ಅಥವಾ ಅಮ್ಮ. ವಯಸ್ಸು ಎಂಬತ್ತು ದಾಟಿದೆ. ಗುಣವಾಗೋದಿಲ್ಲ ಅಂತ ಅವರೇ ಹೇಳಿ ಆಗಿದೆ. ಆಗ ಬದುಕನ್ನು ಆರಿಸಿಕೊಳ್ಳೋದು ಅಂದರೆ ಏನು? ಉಸಿರು ಎಳೆಯುವಷ್ಟು ದಿನ ಎಳೆಯೋದಾ? ನೋವು ಕಡಿಮೆ ಮಾಡಿ ಹೋಗಲು ಬಿಡೋದಾ?

ಯಹೂದಿ ಪರಂಪರೆ ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಂದ ಜಗಿಯುತ್ತಾ ಬಂದಿದೆ. ಆ ಪರಂಪರೆಯ ಕೆಲವು ಕಥೆ, ಕೆಲವು ವಾದ, ಒಂದು ಆಧುನಿಕ ಕಾನೂನು, ಇಷ್ಟನ್ನು ಇವತ್ತು ಜೊತೆಗಿಟ್ಟು ನೋಡೋಣ.

ಮೊದಲು ಮೋಶೆ ಆ ಮಾತು ಆಡಿದ ಸಂದರ್ಭ. ಜನ ಮೋವಾಬ್ ದೇಶದಲ್ಲಿ ಬೀಡು ಬಿಟ್ಟಿದ್ದಾರೆ. ಎದುರಿಗೆ ಯೊರ್ದನ್ ಹೊಳೆ. ಅದನ್ನು ದಾಟಿದರೆ ನಲವತ್ತು ವರ್ಷ ಕಾದ ನಾಡು. ಆದರೆ ಮಾತಾಡ್ತಿರುವ ಮೋಶೆ ಆ ಹೊಳೆ ದಾಟೋದಿಲ್ಲ. ಅವನಿಗೆ ನೂರಿಪ್ಪತ್ತು ವರ್ಷ. ದಾಟಲು ಬಿಡು ಅಂತ ದೇವರನ್ನು ಬೇಡಿಕೊಂಡಿದ್ದಾನೆ, ಇಲ್ಲ ಅನ್ನುವ ಉತ್ತರ ಸಿಕ್ಕಿದೆ. ಇದೇ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಅದು ಬರುತ್ತೆ. ಅಂದರೆ ಬದುಕನ್ನು ಆರಿಸಿಕೊಳ್ಳಿ ಅಂತ ಹೇಳ್ತಿರೋದು ತಾನು ಸಾಯುತ್ತೇನೆ ಅಂತ ಚೆನ್ನಾಗಿ ಗೊತ್ತಿರುವ ಮನುಷ್ಯ. ಪುಸ್ತಕ ಮುಗಿಯೋದೂ ಅವನ ಸಾವಿನಲ್ಲೇ. ಹಾಗಾಗಿ ಆ ಮಾತಿನಲ್ಲಿರುವ ಬದುಕು ಅನ್ನುವ ಪದಕ್ಕೆ ಸಾಯದೇ ಇರೋದು ಅನ್ನುವ ಅರ್ಥ ಕೊಡೋದು ಕಷ್ಟ. ಅಲ್ಲಿ ಅದು, ಒಬ್ಬ ಹೋದ ಮೇಲೂ ಉಳಿದವರ ನಡುವೆ ಮುಂದುವರಿಯುವಂಥದ್ದು.

ಕೇಳ್ತಿರುವವರು ಯಾರು ಅನ್ನೋದನ್ನೂ ಗಮನಿಸಿ. ಹಿಂದಿನ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಕುಲದ ಮುಖಂಡರು, ಹಿರಿಯರು, ಅಧಿಕಾರಿಗಳು, ಹೆಂಗಸರು, ಮಕ್ಕಳು, ಪಾಳೆಯದಲ್ಲಿರುವ ಪರದೇಶಿಗಳು, ಕಟ್ಟಿಗೆ ಒಡೆಯುವವರು, ನೀರು ಹೊರುವವರು. ಎಲ್ಲರೂ ಒಂದೇ ಸಭೆಯಲ್ಲಿ ನಿಂತಿದ್ದಾರೆ. ಹೀಬ್ರೂ ಮೂಲದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಭೂಮಿ ಆಕಾಶಗಳನ್ನು ನಿಮ್ಮ ಮುಂದೆ ಸಾಕ್ಷಿ ಮಾಡ್ತೇನೆ ಅನ್ನುವಾಗ ಮೋಶೆ ಬಹುವಚನದಲ್ಲಿ, ನೀವು ಅಂತ ಮಾತಾಡ್ತಾನೆ. ಆರಿಸಿಕೋ ಅನ್ನುವ ಹೊತ್ತಿಗೆ ಕ್ರಿಯಾಪದ ಏಕವಚನಕ್ಕೆ ಬಂದುಬಿಡುತ್ತೆ. ಸಭೆ ಇಡೀ ಊರಿನದು, ಆಯ್ಕೆ ಮಾತ್ರ ಒಬ್ಬೊಬ್ಬರದು. ನೀರು ಹೊರುವವಳಿಗೂ ಅದರಲ್ಲಿ ಪಾಲಿದೆ. ಈ ನೀರು ಹೊರುವವಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತಾಳೆ.

ಈ ಮಾತಿಗೆ ಸ್ವಲ್ಪ ಮೊದಲು ಮೋಶೆ ಇನ್ನೊಂದು ವಿಷಯ ಹೇಳಿರ್ತಾನೆ. ನಾನು ಕೊಡ್ತಿರುವ ಈ ಆಜ್ಞೆ ಆಕಾಶದಲ್ಲಿಲ್ಲ, ಯಾರೋ ಮೇಲೆ ಹತ್ತಿ ಹೋಗಿ ತರಬೇಕಾಗಿಲ್ಲ. ಸಮುದ್ರದ ಆಚೆಗೂ ಇಲ್ಲ. ನಿನ್ನ ಬಾಯಲ್ಲಿ, ನಿನ್ನ ಎದೆಯಲ್ಲೇ ಇದೆ ಅನ್ನೋದು ಅದರ ಸಾರಾಂಶ. ಮೂಲದಲ್ಲಿ ಇದು ಧೈರ್ಯ ತುಂಬುವ ಮಾತು. ಆದರೆ ನಂತರ ಬಂದ ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು, ಇದರಿಂದ ಒಂದು ದೊಡ್ಡ ತತ್ವವನ್ನೇ ತೆಗೆದರು. ಅದನ್ನು ಹೇಳುವ ಕಥೆ ತಾಲ್ಮುದ್‌ನಲ್ಲಿದೆ. ರಬ್ಬಿಗಳ ಚರ್ಚೆ, ಕಥೆ, ತೀರ್ಪುಗಳನ್ನೆಲ್ಲ ಒಟ್ಟು ಮಾಡಿದ ಬೃಹತ್ ಗ್ರಂಥ ಅದು.

ಕಥೆ ಶುರುವಾಗೋದು ಒಂದು ಒಲೆಯಿಂದ. ಮಣ್ಣಿನ ಒಲೆಯನ್ನು ತುಂಡು ಮಾಡಿ, ತುಂಡುಗಳ ನಡುವೆ ಮರಳು ಹಾಕಿ ಮತ್ತೆ ಜೋಡಿಸಿದರೆ ಅದಕ್ಕೆ ಮೈಲಿಗೆ ತಗಲುತ್ತದೋ ಇಲ್ಲವೋ ಅಂತ ಚರ್ಚೆ. ತಗಲೋದಿಲ್ಲ ಅಂತ ರಬ್ಬಿ ಎಲಿಯೇಜರ್ ಒಬ್ಬರೇ ಹಟ ಹಿಡಿದಿದ್ದಾರೆ. ಉಳಿದವರೆಲ್ಲ ತಗಲುತ್ತದೆ ಅಂತಾರೆ. ಎಲಿಯೇಜರ್ ವಾದ ಮಾಡಿ ಮಾಡಿ ಸೋತು, ಕೊನೆಗೆ ಪವಾಡಗಳನ್ನು ಕರೆಯುತ್ತಾರೆ. ನನ್ನ ಮಾತು ಸರಿಯಿದ್ದರೆ ಈ ಮರ ಸಾಕ್ಷಿ ಹೇಳಲಿ ಅಂತಾರೆ, ಮರ ಬೇರು ಕಿತ್ತುಕೊಂಡು ನೂರು ಮೊಳ ಆಚೆ ಹೋಗಿ ನಿಲ್ಲುತ್ತೆ. ಕಾಲುವೆಯ ನೀರು ಹಿಂದಕ್ಕೆ ಹರಿಯುತ್ತೆ. ಪಾಠಶಾಲೆಯ ಗೋಡೆಗಳು ವಾಲುತ್ತವೆ. ಕೊನೆಗೆ ಆಕಾಶವಾಣಿಯೇ ಆಗುತ್ತೆ, ಎಲಿಯೇಜರ್ ಹೇಳೋದೇ ಸರಿ ಅಂತ. ಆಗ ರಬ್ಬಿ ಯೆಹೋಶುವ ಎದ್ದು ನಿಂತು, ಮೋಶೆಯ ಅದೇ ಮಾತನ್ನು ಎತ್ತಿ ಹೇಳ್ತಾರೆ: ಅದು ಆಕಾಶದಲ್ಲಿಲ್ಲ. ಅಂದರೆ, ಗ್ರಂಥ ನಮ್ಮ ಕೈಗೆ ಬಂದಾಗಿದೆ, ಇನ್ನು ನಿರ್ಧಾರ ಇಲ್ಲಿ ಕೂತಿರುವ ನಮ್ಮದು, ಬಹುಮತದ್ದು. ಇದನ್ನು ಕೇಳಿ ದೇವರು ನಕ್ಕ, ನನ್ನ ಮಕ್ಕಳು ನನ್ನನ್ನೇ ಸೋಲಿಸಿಬಿಟ್ಟರು ಅಂದ ಅಂತ ಕಥೆ.

ಸಾಮಾನ್ಯವಾಗಿ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಮನುಷ್ಯನ ಬುದ್ಧಿಗೆ ಜಯ ಅಂತ. ಆದರೆ ತಾಲ್ಮುದ್ ಇಲ್ಲಿಗೆ ನಿಲ್ಲಿಸೋದಿಲ್ಲ. ಗೆದ್ದವರು ಎಲಿಯೇಜರ್ ಅವರಿಗೆ ಬಹಿಷ್ಕಾರ ಹಾಕ್ತಾರೆ. ಆ ಸುದ್ದಿ ಮುಟ್ಟಿಸಲು ಶಿಷ್ಯ ಅಕಿವ ಕಪ್ಪು ಬಟ್ಟೆ ಉಟ್ಟು ಹೋಗಿ, ನಾಲ್ಕು ಮೊಳ ದೂರ ಕೂರುತ್ತಾನೆ. ಹೇಳೋದಕ್ಕೆ ಮೊದಲೇ ಗುರುವಿಗೆ ಅರ್ಥವಾಗುತ್ತೆ. ಎಲಿಯೇಜರ್ ಬಟ್ಟೆ ಹರಿದುಕೊಂಡು, ಚಪ್ಪಲಿ ಕಳಚಿ, ನೆಲದ ಮೇಲೆ ಕೂತು ಅಳ್ತಾರೆ. ಆ ಕಣ್ಣೀರಿಗೆ ಬೆಳೆ ಹಾಳಾಯಿತು, ಕೊನೆಗೆ ಬಹಿಷ್ಕಾರ ಹಾಕಿಸಿದ ಮುಖ್ಯಸ್ಥನ ಪ್ರಾಣವೇ ಹೋಯಿತು ಅಂತ ಕಥೆ ಮುಗಿಯುತ್ತೆ. ಮಾತಿನಿಂದ ಇನ್ನೊಬ್ಬರನ್ನು ನೋಯಿಸುವ ಪಾಪದ ಬಗ್ಗೆ ಚರ್ಚೆ ನಡೆಯುವಾಗ ಈ ಕಥೆ ಬರೋದು. ನಿರ್ಧಾರ ನಿಮ್ಮದೇ, ಸರಿ. ಆದರೆ ಆ ನಿರ್ಧಾರದಿಂದ ಯಾರಿಗೆ ನೋವಾಯಿತು ಅನ್ನುವ ಲೆಕ್ಕವೂ ನಿಮ್ಮದೇ. ಎರಡನ್ನೂ ಒಟ್ಟಿಗೆ ಓದದಿದ್ದರೆ ಕಥೆ ಅರ್ಧವಾಗುತ್ತೆ.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. ಯಹೂದಿಗಳಿಗೆ ವರ್ಷದ ಅತ್ಯಂತ ಪವಿತ್ರ ದಿನ ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ. ಆದರೆ ಜೀವಕ್ಕೆ ಅಪಾಯ ಅಂದರೆ ಉಪವಾಸ ಮುರಿಯಲೇಬೇಕು. ಜೀವ ಉಳಿಸೋದಕ್ಕಾಗಿ ಸಬ್ಬತ್ ದಿನದ ನಿಯಮವನ್ನೂ ಮೀರಬೇಕು. ಅಪಾಯ ಖಚಿತ ಇರಬೇಕಾಗಿಲ್ಲ, ಅನುಮಾನ ಇದ್ದರೂ ಸಾಕು. ಈ ತತ್ವಕ್ಕೆ ಪಿಕುವಾಹ್ ನೆಫೆಶ್ ಅಂತ ಹೆಸರು, ಜೀವ ಕಾಪಾಡೋದು ಅಂತ ಅರ್ಥ.

ಹಾಗಾದರೆ ಕಾಯಿಲೆಯವರು ಊಟ ಮಾಡಬೇಕೋ ಬೇಡವೋ ಅಂತ ತೀರ್ಮಾನಿಸೋರು ಯಾರು? ತಾಲ್ಮುದ್‌ನ ಯೋಮ ಅನ್ನುವ ಭಾಗದಲ್ಲಿ ಈ ಚರ್ಚೆ ಬರುತ್ತೆ. ಡಾಕ್ಟರು ಬೇಡ ಅಂತಾರೆ, ರೋಗಿ ನನಗೆ ಬೇಕು ಅಂತಾನೆ. ಯಾರ ಮಾತು ಕೇಳಬೇಕು? ರೋಗಿಯ ಮಾತು. ಒಬ್ಬ ರಬ್ಬಿ ಇನ್ನೂ ಮುಂದೆ ಹೋಗಿ, ನೂರು ಜನ ವೈದ್ಯರು ಎದುರಿಗೆ ನಿಂತು ಬೇಡ ಅಂದರೂ ರೋಗಿಯ ಮಾತೇ ನಡೆಯಬೇಕು ಅಂತಾರೆ. ಒಂದು ಎದೆಯ ಕಹಿ ಆ ಎದೆಗೇ ಗೊತ್ತು ಅನ್ನುವ ಅರ್ಥದ ಮಾತು ಜ್ಞಾನೋಕ್ತಿಗಳ ಪುಸ್ತಕದಲ್ಲಿದೆ, ಅದೇ ಅವರಿಗೆ ಆಧಾರ. ಆದರೆ ಉಲ್ಟಾ ಆದರೆ? ರೋಗಿ ಬೇಡ ಅಂತಾನೆ, ಡಾಕ್ಟರು ಬೇಕೇ ಬೇಕು ಅಂತಾರೆ. ಆಗ ಡಾಕ್ಟರ ಮಾತು ಕೇಳಬೇಕು. ಕಾಯಿಲೆಯ ಮಂಪರಿನಲ್ಲಿ ಅವನಿಗೆ ತನ್ನ ಸ್ಥಿತಿ ತಿಳಿಯದೇ ಹೋಗಿರಬಹುದು. ಎರಡೂ ಸಂದರ್ಭದಲ್ಲಿ ತಕ್ಕಡಿ ಜೀವದ ಕಡೆಗೇ ವಾಲುತ್ತೆ. ಆದರೂ ಹಾಸಿಗೆಯ ಮೇಲೆ ಮಲಗಿರುವವರಿಗೆ, ಬೇರೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಗೊತ್ತಿರುತ್ತೆ ಅನ್ನೋದನ್ನು ಈ ಪಂಡಿತರು ಅಷ್ಟು ಹಿಂದೆಯೇ ಒಪ್ಪಿಕೊಂಡಿದ್ದರು.

ಜೀವ ಉಳಿಸೋದಕ್ಕೆ ಇಷ್ಟು ತೂಕ ಕೊಡುವ ಗ್ರಂಥದಲ್ಲೇ ಇನ್ನೊಂದು ಕಥೆಯೂ ಇದೆ. ಯೆಹೂದ ಹನಾಸಿ ಅಂತ ಒಬ್ಬ ಮಹಾ ಪಂಡಿತ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಮಿಶ್ನಾ ಅನ್ನುವ ಧರ್ಮಶಾಸ್ತ್ರವನ್ನು ಸಂಕಲಿಸಿದವರು. ಅವರನ್ನು ಸುಮ್ಮನೆ ರಬ್ಬಿ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗ್ತಿತ್ತು. ಅವರು ಸಾಯುವ ಸ್ಥಿತಿಯಲ್ಲಿದ್ದಾರೆ. ಶಿಷ್ಯರು ಉಪವಾಸ ಸಾರಿದ್ದಾರೆ, ಬಿಡುವಿಲ್ಲದೆ ಪ್ರಾರ್ಥನೆ ಮಾಡ್ತಿದ್ದಾರೆ. ರಬ್ಬಿ ತೀರಿಕೊಂಡರು ಅಂತ ಯಾರಾದರೂ ಬಾಯಿಬಿಟ್ಟರೆ ಕತ್ತಿಯಿಂದ ತಿವೀತೀವಿ ಅಂತಲೂ ಹೇಳಿಬಿಟ್ಟಿದ್ದಾರೆ. ಪ್ರೀತಿ ಎಷ್ಟಿದೆ ನೋಡಿ, ಜೊತೆಗೆ ಆ ಪ್ರೀತಿಯಲ್ಲಿ ಎಷ್ಟು ಹಟ ಇದೆ ನೋಡಿ. ಸಾವು ಅನ್ನುವ ಮಾತೇ ನಿಷೇಧ.

ಅದೇ ಮನೆಯಲ್ಲಿ ಒಬ್ಬಳು ಕೆಲಸದವಳು. ಅವಳ ಹೆಸರು ಗ್ರಂಥದಲ್ಲಿಲ್ಲ. ಅವಳು ಮಾಳಿಗೆ ಹತ್ತಿ ಪ್ರಾರ್ಥನೆ ಮಾಡ್ತಾಳೆ. ಮೇಲಿನವರು ರಬ್ಬಿಯನ್ನು ಕರೀತಿದ್ದಾರೆ, ಕೆಳಗಿನವರು ಬಿಡ್ತಿಲ್ಲ, ಕೆಳಗಿನವರೇ ಗೆಲ್ಲಲಿ ಅಂತ ಬೇಡ್ತಾಳೆ. ಅವಳಿಗೂ ಅವರು ಉಳೀಬೇಕು. ಆಮೇಲೆ ಅವಳು ಅವರ ಪಾಡು ನೋಡ್ತಾಳೆ. ಹೊಟ್ಟೆಯ ಕಾಯಿಲೆ. ಮತ್ತೆ ಮತ್ತೆ ಪಾಯಖಾನೆಗೆ ಹೋಗಬೇಕು. ಪ್ರತಿ ಸಲವೂ ತೋಳಿಗೆ ತಲೆಗೆ ಕಟ್ಟಿಕೊಂಡ ಪ್ರಾರ್ಥನೆಯ ಪಟ್ಟಿಗಳನ್ನು ಬಿಚ್ಚಬೇಕು, ಬಂದ ಮೇಲೆ ಮತ್ತೆ ಕಟ್ಟಿಕೊಳ್ಳಬೇಕು. ಆ ಸಂಕಟ ನೋಡಲಾಗದೆ ಅವಳ ಪ್ರಾರ್ಥನೆ ಬದಲಾಗುತ್ತೆ. ಮೇಲಿನವರೇ ಗೆಲ್ಲಲಿ ಅಂತಾಳೆ. ಆದರೆ ಅಂಗಳದಲ್ಲಿ ಶಿಷ್ಯರು ಪ್ರಾರ್ಥನೆ ನಿಲ್ಲಿಸ್ತಿಲ್ಲ. ಆಗ ಅವಳು ಒಂದು ಗಡಿಗೆ ಎತ್ತಿ ಮಾಳಿಗೆಯಿಂದ ನೆಲಕ್ಕೆ ಎಸೀತಾಳೆ. ಆ ಸದ್ದಿಗೆ ಎಲ್ಲರೂ ಒಂದು ಕ್ಷಣ ಬೆಚ್ಚಿ ಮೌನವಾಗ್ತಾರೆ. ಆ ಕ್ಷಣದಲ್ಲಿ ರಬ್ಬಿಯ ಪ್ರಾಣ ಹೋಗುತ್ತೆ.

ತಾಲ್ಮುದ್ ಅವಳನ್ನು ಬೈಯೋದಿಲ್ಲ. ಹದಿನಾಲ್ಕನೇ ಶತಮಾನದ ಸ್ಪೇನ್‌ನ ಪಂಡಿತ ರಬ್ಬೆನು ನಿಸ್ಸಿಮ್ ಇದೇ ಕಥೆಯನ್ನು ಆಧಾರ ಮಾಡಿಕೊಂಡು, ಗುಣವಾಗದ ಕಾಯಿಲೆಯಲ್ಲಿ ತೀವ್ರ ಯಾತನೆ ಪಡ್ತಿರುವವರ ಬಿಡುಗಡೆಗಾಗಿ ಪ್ರಾರ್ಥಿಸಬೇಕಾದ ಸಂದರ್ಭವೂ ಇರುತ್ತದೆ ಅಂತ ಬರೆದರು. ಮೋಶೆಯ ಸಭೆಯಲ್ಲಿ ನೀರು ಹೊರುವವಳು ಇದ್ದಳಲ್ಲ? ಇಲ್ಲಿ ಗಡಿಗೆ ಎಸೆದವಳು ಅವಳ ಬಳಗದವಳೇ. ಪಂಡಿತರೆಲ್ಲ ಅಂಗಳದಲ್ಲಿ ಬದುಕನ್ನು ಆರಿಸಿಕೊಳ್ತಿದ್ದರು. ಒಳಗೆ ಹೋಗಿ ಬಂದು ಮಾಡುತ್ತಿದ್ದವಳು ಇವಳೊಬ್ಬಳು. ಅವರ ಒಂದೊಂದು ಗಂಟೆ ಹೇಗೆ ಕಳೀತಿದೆ ಅಂತ ಕಂಡದ್ದು ಇವಳಿಗೆ.

ಆದರೆ ಒಂದು ಕಥೆಯಿಂದ ಕಾನೂನು ಮಾಡೋದು ಸುಲಭವಲ್ಲ. ಪ್ರಾರ್ಥನೆ ನಿಲ್ಲಿಸೋದು ಒಂದು, ಪ್ರಾಣ ತೆಗೆಯೋದು ಇನ್ನೊಂದು. ಯಹೂದಿ ಧರ್ಮಶಾಸ್ತ್ರದಲ್ಲಿ ಸಾಯುತ್ತಿರುವವನ ಆಯುಸ್ಸನ್ನು ಒಂದು ಕ್ಷಣ ಮೊಟಕು ಮಾಡಿದರೂ ಅದು ಕೊಲೆಗೆ ಸಮ. ಹದಿನಾರನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ರಬ್ಬಿ ಮೋಶೆ ಇಸ್ಸೆರ್ಲೆಸ್ ಒಂದು ಗೆರೆ ಎಳೆದರು. ಸಾವನ್ನು ಬೇಗ ತರುವಂಥದ್ದೇನನ್ನೂ ಮಾಡಕೂಡದು. ಆದರೆ ಪ್ರಾಣ ಹೋಗೋದಕ್ಕೆ ಅಡ್ಡವಾಗಿರುವುದನ್ನು ತೆಗೆಯಬಹುದು. ಅವರು ಕೊಟ್ಟ ಉದಾಹರಣೆಗಳು ಆ ಕಾಲದ ನಂಬಿಕೆಗೆ ತಕ್ಕಂತಿವೆ. ಮನೆಯ ಹತ್ತಿರ ಯಾರೋ ಕಟ್ಟಿಗೆ ಒಡೆಯುವ ಸದ್ದು ಪ್ರಾಣವನ್ನು ಹಿಡಿದಿಟ್ಟಿದ್ದರೆ ಅದನ್ನು ನಿಲ್ಲಿಸಬಹುದು. ನಾಲಿಗೆಯ ಮೇಲೆ ಇಟ್ಟ ಉಪ್ಪು ಹಿಡಿದಿಟ್ಟಿದ್ದರೆ ಅದನ್ನು ತೆಗೆಯಬಹುದು.

ಇಪ್ಪತ್ತನೇ ಶತಮಾನದಲ್ಲಿ ವೆಂಟಿಲೇಟರ್ ಬಂತು. ಈಗ ಹೇಳಿ, ವೆಂಟಿಲೇಟರ್ ಅನ್ನೋದು ನಾಲಿಗೆ ಮೇಲಿನ ಉಪ್ಪಾ, ಅಥವಾ ಉಸಿರೇನಾ? ಅದನ್ನು ಆಫ್ ಮಾಡಿದರೆ ಅಡ್ಡಿ ತೆಗೆದ ಹಾಗಾ, ಕೊಂದ ಹಾಗಾ? ರಬ್ಬಿಗಳಲ್ಲೇ ಒಮ್ಮತ ಇರಲಿಲ್ಲ. ಅಮೆರಿಕದಲ್ಲಿದ್ದ ರಬ್ಬಿ ಮೋಶೆ ಫೈನ್‌ಸ್ಟೈನ್, ಗುಣ ಮಾಡಲಾಗದೆ ಯಾತನೆಯನ್ನಷ್ಟೇ ಉದ್ದ ಮಾಡುವ ಚಿಕಿತ್ಸೆ ಕೊಡಬೇಕಾಗಿಲ್ಲ ಅಂತ ಬರೆದರು. ಜೆರುಸಲೇಮಿನ ರಬ್ಬಿ ಎಲಿಯೇಜರ್ ವಾಲ್ಡೆನ್‌ಬರ್ಗ್ ಈ ವಿಷಯದಲ್ಲಿ ಹೆಚ್ಚು ಬಿಗಿ. ಆದರೆ ಒಂದು ವಿಚಿತ್ರವಾದ ಸಲಹೆ ಬಂದದ್ದು ಅವರಿಂದಲೇ. ವೆಂಟಿಲೇಟರ್‌ಗೆ ಟೈಮರ್ ಇಡಿ ಅಂದರು. ಒಂದು ಅವಧಿ ಮುಗಿದ ಮೇಲೆ ಅದು ತಾನಾಗಿ ನಿಲ್ಲುತ್ತೆ. ಆಗ ರೋಗಿಯ ಸ್ಥಿತಿ ನೋಡಿ, ಮತ್ತೆ ಶುರು ಮಾಡಬೇಕೋ ಬೇಡವೋ ಅಂತ ಯೋಚಿಸಬಹುದು.

ಈ ಚರ್ಚೆ ಮುಂದೆ ಕಾನೂನಿನ ಕಟ್ಟೆ ಹತ್ತಿತು. 2000ನೇ ಇಸವಿಯಲ್ಲಿ ಇಸ್ರೇಲ್ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಮಕ್ಕಳ ನರರೋಗ ತಜ್ಞರೂ ರಬ್ಬಿಯೂ ಆದ ಅವ್ರಹಾಂ ಸ್ಟೈನ್‌ಬರ್ಗ್. ಒಟ್ಟು 59 ಸದಸ್ಯರು. ಡಾಕ್ಟರು, ನರ್ಸು, ವಕೀಲರು, ತತ್ವಶಾಸ್ತ್ರದವರು, ರಬ್ಬಿಗಳು, ಧರ್ಮ ನಂಬದವರು, ಎಲ್ಲರೂ ಇದ್ದರು. ಅದರ ಫಲವಾಗಿ 2005ರಲ್ಲಿ ಸಾಯುತ್ತಿರುವ ರೋಗಿಯ ಕಾಯ್ದೆ ಬಂತು. ಚಿಕಿತ್ಸೆ ಕೊಟ್ಟರೂ ಆರು ತಿಂಗಳಿಗಿಂತ ಹೆಚ್ಚು ಬದುಕಲಾರರು ಅನ್ನುವ ರೋಗಿಗಳಿಗೆ ಅದು ಅನ್ವಯ. ಕಾಯ್ದೆ ಹೊರಡೋದು, ಪ್ರತಿಯೊಬ್ಬರೂ ಬದುಕಲು ಬಯಸ್ತಾರೆ ಅನ್ನುವ ನಂಬಿಕೆಯಿಂದ. ಇಲ್ಲ ಅನ್ನೋದಕ್ಕೆ ರೋಗಿಯ ಸ್ಪಷ್ಟ ಇಚ್ಛೆ ತಿಳಿದಿದ್ದರೆ ಅದನ್ನು ಗೌರವಿಸಬೇಕು. ಸಾವನ್ನು ತರುವ ಚುಚ್ಚುಮದ್ದಿಗೆ ಅವಕಾಶ ಇಲ್ಲ. ಡಯಾಲಿಸಿಸ್‌ನಂತೆ ಬಾರಿ ಬಾರಿ ಕೊಡುವ ಚಿಕಿತ್ಸೆಯನ್ನು ಮುಂದಿನ ಬಾರಿ ಕೊಡದೇ ಇರಬಹುದು. ವೆಂಟಿಲೇಟರ್‌ನಂತೆ ಎಡೆಬಿಡದೆ ನಡೆಯುವುದನ್ನು ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಅದಕ್ಕೆ ಟೈಮರ್ ಜೋಡಿಸಿ ಬಾರಿ ಬಾರಿ ಕೊಡುವ ಚಿಕಿತ್ಸೆಯಾಗಿ ಮಾಡಬಹುದು ಅನ್ನುವ ದಾರಿಯನ್ನು ಕಾಯ್ದೆ ತೆರೆದಿಟ್ಟಿತು. ಆದರೆ ಅದು ಕಾಗದದ ಮೇಲೆ ಬಂದಷ್ಟು ಸಲೀಸಾಗಿ ಆಸ್ಪತ್ರೆಯ ಹಾಸಿಗೆ ಪಕ್ಕಕ್ಕೆ ಬರಲಿಲ್ಲ.

ಕೆಲವರಿಗೆ ಇದು ಕಣ್ಣಾಮುಚ್ಚಾಲೆ ಅನ್ನಿಸಬಹುದು. ಕೈಯಿಂದ ಆಫ್ ಮಾಡಿದರೂ ಟೈಮರ್ ಆಫ್ ಮಾಡಿದರೂ ಮನುಷ್ಯ ಹೋಗೋದು ಹೋಗ್ತಾನಲ್ಲ ಅಂತ ಟೀಕೆ ಬಂದಿದೆ, ಆ ಟೀಕೆಯಲ್ಲಿ ಹುರುಳಿಲ್ಲ ಅನ್ನಲಾಗದು. ಆದರೂ ಆ ಟೈಮರ್ ಹಿಂದಿನ ಯೋಚನೆಯಲ್ಲಿ ಒಂದು ಬೆಲೆಬಾಳುವ ಅಂಶ ಇದೆ. ನಾವು ಸಾಮಾನ್ಯವಾಗಿ ಒಮ್ಮೆ ಶುರುವಾದದ್ದು ನಡೀತಾ ಇರಲಿ ಅಂತ ಬಿಟ್ಟುಬಿಡ್ತೀವಿ. ಏನೂ ನಿರ್ಧರಿಸದೇ ಇದ್ದರೆ ಪಾಪ ತಟ್ಟೋದಿಲ್ಲ ಅಂತ ನಮ್ಮ ಲೆಕ್ಕ. ಟೈಮರ್ ಆ ಲೆಕ್ಕವನ್ನು ಒಪ್ಪೋದಿಲ್ಲ. ಅವಧಿ ಮುಗಿದಾಗ ಮುಂದುವರಿಸೋದಕ್ಕೂ ಯಾರೋ ಒಬ್ಬರು ಬಂದು, ರೋಗಿಯ ಮುಖ ನೋಡಿ, ಹೌದು ಅನ್ನಬೇಕು. ಮುಂದುವರಿಸೋದೂ ಒಂದು ಆಯ್ಕೆಯೇ.

ಇದು ದೂರದ ಮಾತಲ್ಲ. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಗೌರವದಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದಾಗ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ಇಸ್ರೇಲಿನ ಕಾಯ್ದೆಗಿಂತ ಇದರ ವಿವರಗಳು ಬೇರೆ. ಆದರೆ ಬರೆದಿಡುವ ಮೊದಲು ಮನೆಯಲ್ಲಿ ಕೂತು ಮಾತಾಡಬೇಕಲ್ಲ, ಆ ಕಷ್ಟ ಎರಡೂ ಕಡೆ ಒಂದೇ. ಹಿರಿಯರು ಸಾವಿನ ಮಾತೆತ್ತಿದರೆ, ಬಿಡ್ತು ಅನ್ನು, ಯಾಕೆ ಅಪಶಕುನ ಅಂತ ಬಾಯಿ ಮುಚ್ಚಿಸ್ತೀವಿ. ಯೆಹೂದ ಹನಾಸಿಯ ಶಿಷ್ಯರು ಕತ್ತಿ ತೋರಿಸಿದರು, ನಾವು ಪ್ರೀತಿಯಿಂದ ಗದರಿಸ್ತೀವಿ.

ಹಾಗಾದರೆ ಈ ಗ್ರಂಥಗಳನ್ನೆಲ್ಲ ಓದಿದವರಿಗೆ ಏನು ಸಿಗುತ್ತೆ? ವೆಂಟಿಲೇಟರ್ ಹಾಕಿ ಅಥವಾ ಬೇಡ ಅನ್ನುವ ಸಿದ್ಧ ಉತ್ತರ ಅಂತೂ ಸಿಗೋದಿಲ್ಲ. ಉತ್ತರ ಮೇಲಿನಿಂದ ಬರೋದಿಲ್ಲ ಅಂತ ಗ್ರಂಥವೇ ಹೇಳಿ ಆಗಿದೆ. ಸಿಗೋದು ಕೆಲವು ಕೇಳಬೇಕಾದ ಪ್ರಶ್ನೆಗಳು. ಮಲಗಿರುವವರಿಗೆ ಏನು ಬೇಕಿತ್ತು ಅಂತ, ಅವರಿಗೆ ಮಾತಾಡಲು ಆಗ್ತಿದ್ದಾಗ ಯಾರಾದರೂ ಕೇಳಿದ್ದಾರಾ? ಅವರ ಪಕ್ಕ ಕೂತು, ಬಟ್ಟೆ ಬದಲಿಸಿ, ರಾತ್ರಿ ಎದ್ದು ನೋಡಿದವರು ಯಾರೋ ಅವರ ಮಾತಿಗೆ, ದೂರದ ಊರಿಂದ ಫೋನ್ ಮಾಡಿ ನಿರ್ಧಾರ ಹೇಳುವವರ ಮಾತಿನಷ್ಟಾದರೂ ಬೆಲೆ ಸಿಗ್ತಿದೆಯಾ? ನಿರ್ಧಾರ ಆದ ಮೇಲೆ, ಒಪ್ಪದೇ ಇದ್ದ ತಮ್ಮನನ್ನೋ ಅಕ್ಕನನ್ನೋ ಜೊತೆಗೆ ಇಟ್ಟುಕೊಂಡಿದ್ದೀವಾ, ಅಥವಾ ಎಲಿಯೇಜರ್ ಥರ ಹೊರಗೆ ಕೂರಿಸಿಬಿಟ್ಟಿದ್ದೀವಾ? ಎಷ್ಟೋ ಮನೆಗಳಲ್ಲಿ ಹಿರಿಯರು ಹೋಗಿ ಹತ್ತು ವರ್ಷ ಆದರೂ, ಆ ಐಸಿಯು ಬಾಗಿಲಲ್ಲಿ ಆದ ಜಗಳ ಇನ್ನೂ ಮುಗಿದಿರೋದಿಲ್ಲ.

ಬದುಕನ್ನು ಆರಿಸಿಕೊಂಡರೆ ನೀನೂ ನಿನ್ನ ಸಂತತಿಯೂ ಬಾಳುತ್ತೀರಿ ಅಂದನಲ್ಲ ಮೋಶೆ, ಅದಕ್ಕೆ ಇವತ್ತಿನ ಅರ್ಥ ಇಲ್ಲಿದೆ ಅನ್ನಿಸುತ್ತೆ. ಹೋಗುವವರ ಕೊನೆಯ ದಿನಗಳು ಹೇಗಿರಬೇಕು ಅನ್ನೋದರ ಜೊತೆಗೇ, ಉಳಿಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳೋ ಹಾಗೆ ಆ ದಿನಗಳನ್ನು ನಡೆಸೋದು. ಅದಕ್ಕೆ ಐಸಿಯು ಬಾಗಿಲವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಹಿರಿಯರಿದ್ದರೆ, ಅವರು ಚೆನ್ನಾಗಿರುವಾಗಲೇ ಒಮ್ಮೆ ಕೇಳಿ ನೋಡಿ. ಅವರೇ ಮಾತು ತೆಗೆದರೆ ಬಾಯಿ ಮುಚ್ಚಿಸಬೇಡಿ.